ಹಳೆ ಗುಲಾಬಿಗಳಲ್ಲಿ ಬಿಳಿ ಹೂ: ಸಿಗುವುದು ಹೇಗೆ, ಹುಟ್ಟಿಸುವುದು ಹೇಗೆ?

1775ರ ಜುಲೈ. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ನೀಡಮ್ ಎಂಬ ಊರಿನ ಹತ್ತಿರ ಗ್ರಿಮ್‌ವುಡ್ ಎಂಬ ನರ್ಸರಿ ಮಾಲೀಕ ಹೋಗುತ್ತಿದ್ದ. ದಾರಿಯಲ್ಲಿ ಬ್ರೆಡ್ ಮಾಡಿ ಮಾರುವವನೊಬ್ಬನ ಮನೆ, ಮುಂದೆ ಸಣ್ಣ ಕೈತೋಟ. ಅಲ್ಲೊಂದು ಗುಲಾಬಿ ಗಿಡ ಬಿಳಿ ಹೂ ಬಿಟ್ಟು ನಿಂತಿತ್ತು. ವಿಚಾರಿಸಿದಾಗ ಗೊತ್ತಾಗಿದ್ದಿಷ್ಟು: ಹತ್ತಿರದ ಹಳೆ ಬಂಗಲೆಯೊಂದನ್ನು ರಿಪೇರಿ ಮಾಡಲು ಹೋಗಿದ್ದ ಬಡಗಿಗೆ ಅದು ಬೇಲಿ ಪಕ್ಕ ಕಂಡಿತ್ತು, ತಂದು ಇಲ್ಲಿ ನೆಟ್ಟಿದ್ದ. ಗ್ರಿಮ್‌ವುಡ್ ಒಂದೇ ಒಂದು ಕಡ್ಡಿ ಕೇಳಿದ. ಮನೆಯವನು ಇಡೀ ಗಿಡವನ್ನೇ ಕೊಟ್ಟುಬಿಟ್ಟ. ಆ ಉಪಕಾರಕ್ಕೆ ಗ್ರಿಮ್‌ವುಡ್ ಅದೇ ಗುಲಾಬಿಯನ್ನು ಕೆತ್ತಿಸಿದ ಬೆಳ್ಳಿ ಬಟ್ಟಲನ್ನು ಅವನಿಗೆ ಉಡುಗೊರೆಯಾಗಿ ಕೊಟ್ಟ. ಗುಲಾಬಿ ಚಿತ್ರಗಳ ಹಳೆ ಪುಸ್ತಕವೊಂದರಲ್ಲಿ ದಾಖಲಾಗಿರುವ ಕತೆ ಇದು. 'ಯುನಿಕ್ ಬ್ಲಾಂಶ್' ಎಂಬ ಹೆಸರಿನಲ್ಲಿ ಆ ತಳಿ ಇವತ್ತಿಗೂ ಉಳಿದಿದೆ.

ಒಂದು ಬಿಳಿ ಹೂವಿಗೆ ಬೆಳ್ಳಿ ಬಟ್ಟಲು ಕೊಡುವಂಥದ್ದು ಏನಿತ್ತು? ಇವತ್ತು ಹೂವಿನಂಗಡಿಯಲ್ಲಿ ಬಿಳಿ ಗುಲಾಬಿ ಎಷ್ಟು ಬೇಕಾದರೂ ಸಿಗುತ್ತದೆ. ಆದರೆ ಹಳೆ ತಳಿಗಳ ಲೋಕವೇ ಬೇರೆ. ಅಲ್ಲಿ ನೂರಾರು ಪಿಂಕ್, ಕೆಂಪು, ನೇರಳೆ ತಳಿಗಳ ನಡುವೆ ಅಚ್ಚ ಬಿಳಿ ಎಂದು ಹೇಳಬಹುದಾದವು ಕೆಲವೇ ಕೆಲವು. ಹಳೆ ಗುಲಾಬಿಗಳನ್ನು ಮತ್ತೆ ಹುಡುಕಿ ಬೆಳೆಸುವ ಹವ್ಯಾಸ ಇರುವವರಿಗೆ ಎರಡು ವಿಷಯ ಪದೇ ಪದೇ ಎದುರಾಗುತ್ತವೆ. ಪಿಂಕ್ ಗಿಡದ ಒಂದೇ ಕೊಂಬೆ ಇದ್ದಕ್ಕಿದ್ದ ಹಾಗೆ ಬಿಳಿ ಹೂ ಬಿಡುವುದು ಯಾಕೆ? ಆಸೆಪಟ್ಟು ಬಿಳಿ ಹೂವಿನ ಬೀಜ ಹಾಕಿದರೆ ಪಿಂಕ್ ಹೂವಿನ ಗಿಡ ಬರುವುದು ಯಾಕೆ? ಎರಡಕ್ಕೂ ಉತ್ತರ ಎಸಳಿನ ಒಳಗೇ ಇದೆ.

ಹಳೆ ಗುಲಾಬಿ ಅಂದರೆ ಯಾವುದು?

1867ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಗಿಯೋ ಎಂಬ ತಳಿಗಾರ 'ಲಾ ಫ್ರಾನ್ಸ್' ಎಂಬ ಗುಲಾಬಿಯನ್ನು ಹೊರತಂದ. ಉದ್ದ ಮೊಗ್ಗು, ವರ್ಷದುದ್ದಕ್ಕೂ ಹೂ ಬಿಡುವ ಗುಣ ಇರುವ 'ಹೈಬ್ರಿಡ್ ಟೀ' ಗುಂಪಿನ ಮೊದಲ ತಳಿ ಎಂದು ಅದನ್ನು ಲೆಕ್ಕ ಹಿಡಿಯುತ್ತಾರೆ. ಆ ವರ್ಷಕ್ಕೆ ಮೊದಲೇ ಇದ್ದ ಗುಂಪುಗಳಿಗೆಲ್ಲ ಸೇರಿಸಿ ಹಳೆ ತೋಟದ ಗುಲಾಬಿಗಳು ಎನ್ನುತ್ತಾರೆ. ತಳಿ 1867ರ ಆಮೇಲೆ ಬಂದಿದ್ದರೂ ಗುಂಪು ಹಳೆಯದಾದರೆ ಅದು ಹಳೆಯದೇ.

ಗುಂಪುಗಳ ಹೆಸರು ಸ್ವಲ್ಪ ಪರಿಚಯ ಇದ್ದರೆ ಮುಂದಿನದು ಸುಲಭ. ಯುರೋಪಿನ ಹಳೆ ಮನೆತನಗಳು ಗ್ಯಾಲಿಕಾ, ಡಮಾಸ್ಕ್, ಆಲ್ಬಾ, ಸೆಂಟಿಫೋಲಿಯಾ ಮತ್ತು ಮೊಗ್ಗಿನ ಮೇಲೆ ಪಾಚಿಯಂಥ ರೋಮ ಬೆಳೆಯುವ ಮಾಸ್. ಇವುಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ, ಅಲ್ಲಿನ ಬೇಸಿಗೆಯ ಆರಂಭದಲ್ಲಿ ಹೂ ಬಿಡುತ್ತವೆ. ಆಮೇಲೆ ಚೀನಾದಿಂದ ಪದೇ ಪದೇ ಹೂ ಬಿಡುವ ಚೈನಾ ಮತ್ತು ಟೀ ಗುಲಾಬಿಗಳು ಬಂದವು. ಹಳೆಯವೂ ಹೊಸದಾಗಿ ಬಂದವೂ ಬೆರೆತು ನ್ವಾಸೆಟ್, ಬರ್ಬನ್, ಹೈಬ್ರಿಡ್ ಪರ್ಪೆಚುಯಲ್ ಗುಂಪುಗಳಾದವು. ನಮ್ಮ ದೇಶದಲ್ಲಿ ಎಡ್ವರ್ಡ್ ರೋಸ್ ಎಂದು ಹಾರಕ್ಕೆ ಬೆಳೆಯುತ್ತಾರಲ್ಲ, ಘಮಘಮ ಎನ್ನುವ ಆ ಪಿಂಕ್ ಹೂ, ಅದು ಬರ್ಬನ್ ಕಡೆಯದು.

ಎಸಳಿನಲ್ಲಿ ಬಿಳಿ ಬಣ್ಣವೇ ಇಲ್ಲ

ಬಿಳಿ ಗುಲಾಬಿಯ ಒಂದು ಎಸಳು ಕಿತ್ತು ಎರಡು ಬೆರಳ ನಡುವೆ ಗಟ್ಟಿಯಾಗಿ ಒತ್ತಿ ನೋಡಿ. ಒತ್ತಿದ ಜಾಗ ಬಿಳಿಯಾಗಿ ಉಳಿಯುವುದಿಲ್ಲ. ಎಣ್ಣೆ ತಾಗಿದ ಕಾಗದದಂತೆ ಪಾರದರ್ಶಕ ಆಗುತ್ತದೆ. ಅಂದರೆ ಎಸಳಿನಲ್ಲಿ ಬಿಳಿ ಬಣ್ಣದ ವಸ್ತು ಯಾವುದೂ ಇರಲಿಲ್ಲ. ಜೀವಕೋಶಗಳ ನಡುವೆ ಸಣ್ಣ ಸಣ್ಣ ಗಾಳಿ ಜಾಗಗಳಿರುತ್ತವೆ. ಬೆಳಕು ಅಲ್ಲಿ ಚದುರಿ ಎಲ್ಲ ಕಡೆಗೂ ಹೊರಗೆ ಬರುವುದರಿಂದ ನಮಗೆ ಬಿಳಿ ಕಾಣುತ್ತದೆ. ಒತ್ತಿದಾಗ ಗಾಳಿ ಹೋಗುತ್ತದೆ, ಬಿಳುಪೂ ಹೋಗುತ್ತದೆ.

ಪಿಂಕ್, ಕೆಂಪು ಹೂಗಳಿಗೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವಸ್ತು. ನೇರಳೆ ಹಣ್ಣು ತಿಂದರೆ ನಾಲಿಗೆಗೆ ಅಂಟುವುದೂ ಇದೇ ಜಾತಿಯ ಬಣ್ಣ. ಗಿಡ ಇದನ್ನು ಒಂದೇ ಏಟಿಗೆ ತಯಾರಿಸುವುದಿಲ್ಲ. ಒಂದು ವಸ್ತು ಇನ್ನೊಂದಾಗಿ, ಅದು ಮತ್ತೊಂದಾಗಿ ಹಲವು ಹಂತ ದಾಟಿ ಕೊನೆಗೆ ಬಣ್ಣ ಆಗುತ್ತದೆ. ಪ್ರತಿ ಹಂತಕ್ಕೂ ಒಂದೊಂದು ಕಿಣ್ವ ಬೇಕು, ಪ್ರತಿ ಕಿಣ್ವಕ್ಕೂ ಒಂದೊಂದು ಜೀನ್ ಬೇಕು. ಕೆರೆಯಿಂದ ಗದ್ದೆಗೆ ನೀರು ಹರಿಯುವ ಕಾಲುವೆಯಲ್ಲಿ ಸಾಲಾಗಿ ನಾಲ್ಕೈದು ತೂಬು ಇವೆ ಎಂದುಕೊಳ್ಳಿ. ಯಾವ ತೂಬು ಮುಚ್ಚಿಹೋದರೂ ಗದ್ದೆ ಒಣಗುತ್ತದೆ. ಹಾಗೇ, ಬಣ್ಣದ ದಾರಿಯಲ್ಲಿ ಯಾವ ಒಂದು ಹಂತ ಕೆಟ್ಟರೂ ಹೂ ಬಿಳಿ.

ಇದರಿಂದ ಒಂದು ವಿಚಿತ್ರ ಸಾಧ್ಯತೆ ಹುಟ್ಟುತ್ತದೆ. ಒಂದು ಬಿಳಿ ಗಿಡದಲ್ಲಿ ಮೊದಲ ತೂಬು ಮುಚ್ಚಿರಬಹುದು, ಇನ್ನೊಂದರಲ್ಲಿ ಮೂರನೆಯದು. ಎರಡನ್ನೂ ಕೂಡಿಸಿದರೆ ಮರಿಗೆ ಒಂದು ಕಡೆಯಿಂದ ಸರಿಯಾದ ಮೊದಲನೆಯದೂ ಇನ್ನೊಂದು ಕಡೆಯಿಂದ ಸರಿಯಾದ ಮೂರನೆಯದೂ ಸಿಗುತ್ತವೆ. ಬಣ್ಣ ಮತ್ತೆ ಹರಿಯುತ್ತದೆ! 20ನೇ ಶತಮಾನದ ಆರಂಭದಲ್ಲಿ ವಿಲಿಯಂ ಬೇಟ್ಸನ್ ಮತ್ತು ಅವರ ಜೊತೆಗಾರರು ಸ್ವೀಟ್ ಪೀ ಹೂಗಳಲ್ಲಿ ಇದನ್ನು ತೋರಿಸಿದರು. ಬಿಳಿಗೆ ಬಿಳಿ ಕೂಡಿಸಿದಾಗ ನೇರಳೆ ಬಂದಿತ್ತು.

ಬಿಳಿ ಎಸಳು ಪೂರ್ತಿ ಖಾಲಿ ಅಂತಲೂ ಅಲ್ಲ. ದಾರಿಯ ಮೊದಲ ಭಾಗದಲ್ಲಿ ಕವಲೊಡೆದು ತಯಾರಾಗುವ ಫ್ಲೇವನಾಲ್‌ಗಳು ಅದರಲ್ಲಿ ಇರುತ್ತವೆ. ನಮ್ಮ ಕಣ್ಣಿಗೆ ಅವು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅಮೋನಿಯಾದ ಹಬೆಗೆ ಬಿಳಿ ಎಸಳನ್ನು ಹಿಡಿದರೆ ಅದು ಹಳದಿಗೆ ತಿರುಗುವುದು ಇವುಗಳಿಂದಲೇ. ಇವು ನೇರಳಾತೀತ ಬೆಳಕನ್ನು ಹೀರಿಕೊಳ್ಳುತ್ತವೆ. ಜೇನಿಗೆ ಆ ಬೆಳಕು ಕಾಣುವುದರಿಂದ ನಾವು ಬಿಳಿ ಎನ್ನುವ ಹೂ ಅದಕ್ಕೆ ಬೇರೆಯೇ ಬಣ್ಣದ್ದು.

ಕೆಲವು ಬಿಳಿ ಗುಲಾಬಿಗಳಲ್ಲಿ ಮೊಗ್ಗಿನ ಹೊರ ಎಸಳಿಗೆ ಕೆಂಪು ಬಳಿದಂತಿರುತ್ತದೆ. 1867ರ 'ಬೂಲ್ ದ ನೇಜ್' ಹಾಗೆಯೇ: ಮೊಗ್ಗು ಕೆಂಪು ಅಂಚಿನದು, ಅರಳಿದರೆ ಹಿಮದ ಉಂಡೆ. ಚಳಿ ಜಾಸ್ತಿಯಾದರೆ ಈ ಕೆಂಪೂ ಜಾಸ್ತಿ, ಯಾಕೆಂದರೆ ತಂಪಿನಲ್ಲಿ ಆಂಥೋಸಯನಿನ್ ಹೆಚ್ಚು ತಯಾರಾಗುತ್ತದೆ. ಬಿಸಿಲಿನಲ್ಲಿ ತಿಳಿ ಪಿಂಕ್ ಹೂಗಳೂ ಬಿಳಚಿಕೊಂಡು ಬಿಳಿಯಂತೆ ಕಾಣುತ್ತವೆ. ಹಾಗಾಗಿ ಒಂದು ದಿನ ಒಂದು ಹೂ ನೋಡಿ ಇದು ಬಿಳಿ ತಳಿ ಎಂದು ಹೇಳಿಬಿಡುವುದು ಸರಿಯಲ್ಲ.

ಕೊಂಬೆಯಲ್ಲಿ ಸಿಗುವ ಬಿಳಿ

ಗಿಡದ ಬೆಳೆಯುವ ತುದಿಯಲ್ಲಿ ಕೋಶಗಳು ಸದಾ ಒಂದು ಎರಡಾಗುತ್ತಿರುತ್ತವೆ. ಯಾವುದೋ ಒಂದು ಕೋಶದಲ್ಲಿ ಬಣ್ಣದ ಜೀನ್ ಕೆಟ್ಟಿತು ಎನ್ನಿ. ಅದರಿಂದ ಹುಟ್ಟಿದ ಕೋಶಗಳಿಗೆಲ್ಲ ಅದೇ ಕೆಡುಕು. ಅಂಥ ಕೋಶಗಳಿಂದ ಒಂದು ಚಿಗುರು ಬಂದರೆ ಆ ಕೊಂಬೆ ಪೂರ್ತಿ ಬಿಳಿ ಹೂ ಬಿಡುತ್ತದೆ, ಉಳಿದ ಗಿಡ ಎಂದಿನಂತೆ ಪಿಂಕ್. ಹೀಗೆ ಬದಲಾದ ಕೊಂಬೆಯನ್ನು ತೋಟಗಾರರು ಸ್ಪೋರ್ಟ್ ಎನ್ನುತ್ತಾರೆ. ಇದು ರೋಗ ಅಲ್ಲ, ಗೊಬ್ಬರ ಕಡಿಮೆಯಾಗಿದ್ದೂ ಅಲ್ಲ.

ಹಳೆ ಬಿಳಿ ಗುಲಾಬಿಗಳಲ್ಲಿ ಒಳ್ಳೆಯ ಪಾಲು ಹೀಗೆ ಸಿಕ್ಕವೇ. ಸೆಂಟಿಫೋಲಿಯಾ ಗುಂಪಿಗಂತೂ ಇದೊಂದೇ ದಾರಿ ಎನ್ನಬಹುದು. ಅದರ ಹೂವಿನಲ್ಲಿ ಎಸಳು ಎಷ್ಟು ತುಂಬಿರುತ್ತವೆ ಎಂದರೆ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಬೀಜ ಕಟ್ಟುವುದು ತೀರಾ ಅಪರೂಪ. ಬೀಜವೇ ಇಲ್ಲದ ಮೇಲೆ ಹೊಸ ತಳಿ ಬರಬೇಕಾದ್ದು ಕೊಂಬೆಯಿಂದ ತಾನೇ? 'ಯುನಿಕ್ ಬ್ಲಾಂಶ್' ಅಂಥದ್ದು. ಮಾಸ್ ಗುಲಾಬಿ ಕೂಡ ಮೊದಲು ಸೆಂಟಿಫೋಲಿಯಾದ ಸ್ಪೋರ್ಟ್ ಆಗಿ ಬಂದದ್ದು. ಅದೇ ಮಾಸ್ ಮುಂದೆ ಬಿಳಿ ಸ್ಪೋರ್ಟ್ ಕೊಟ್ಟಿತು, 'ಶೇಲರ್ಸ್ ವೈಟ್ ಮಾಸ್' ಎಂದು ಅದು ಹೆಸರಾಗಿದೆ. ಹೈಬ್ರಿಡ್ ಪರ್ಪೆಚುಯಲ್ ಗುಂಪಿನ ಪಿಂಕ್ 'ಬ್ಯಾರೊನೆಸ್ ರಾಥ್‌ಚೈಲ್ಡ್' ಗಿಡದಿಂದ 1878ರಲ್ಲಿ 'ಮೇಬಲ್ ಮಾರಿಸನ್', ಟೀ ಗುಂಪಿನ 'ಮಮಾಂ ಕೋಶೆ'ಯಿಂದ 1896ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ 'ವೈಟ್ ಮಮಾಂ ಕೋಶೆ' ಬಂದವು.

ಇಲ್ಲಿಂದ ಮುಂದಿನದು ಈ ವಿಷಯದಲ್ಲೇ ನನಗೆ ಅತ್ಯಂತ ಇಷ್ಟವಾದ ಭಾಗ. ಗಿಡದ ತುದಿಯಲ್ಲಿ ಕೋಶಗಳು ಮೂರು ಪದರಗಳಾಗಿ ಜೋಡಿಸಿಕೊಂಡಿರುತ್ತವೆ. ಹೊರಪದರದಿಂದ ಎಲೆ, ಕಾಂಡ, ಎಸಳುಗಳ ಹೊರಚರ್ಮ ಬರುತ್ತದೆ. ಎರಡನೇ ಪದರದಿಂದ ಪರಾಗ ಮತ್ತು ಬೀಜಕ್ಕೆ ಮೂಲವಾದ ಕೋಶಗಳು ಬರುತ್ತವೆ. ಗುಲಾಬಿಯ ಎಸಳಿನಲ್ಲಿ ಬಣ್ಣ ತುಂಬಿರುವುದು ಮುಖ್ಯವಾಗಿ ಹೊರಚರ್ಮದಲ್ಲಿ. ಈಗ ಕೆಡುಕು ಹೊರಪದರದಲ್ಲಿ ಮಾತ್ರ ಆಗಿದೆ ಎಂದುಕೊಳ್ಳಿ. ಹೂ ನೋಡಲು ಅಚ್ಚ ಬಿಳಿ. ಆದರೆ ಅದರ ಪರಾಗ, ಅದರ ಬೀಜ ಎರಡೂ ಹಳೆ ಪಿಂಕ್ ಗಿಡದವೇ! ತಳಿಗಾರ ಎಷ್ಟು ಶ್ರಮಪಟ್ಟರೂ ಆ ಹೂವಿನ ಬಿಳುಪು ಬೀಜಕ್ಕೆ ಇಳಿಯುವುದಿಲ್ಲ. ಬಿಳಿ ಹೂವಿನ ಬೀಜದಿಂದ ಪಿಂಕ್ ಬರುವುದಕ್ಕೆ ಇದೊಂದು ಕಾರಣ. ಅಂಥ ಗಿಡದ ಬೇರಿನಿಂದ ಹೊಸ ಚಿಗುರು ಎದ್ದರೆ ಅದೂ ಪಿಂಕ್ ಆಗಬಹುದು, ಯಾಕೆಂದರೆ ಬೇರಿನ ಚಿಗುರು ಒಳಪದರಗಳಿಂದ ಹುಟ್ಟುತ್ತದೆ.

ಸ್ಪೋರ್ಟ್ ಹಿಂದಕ್ಕೆ ತಿರುಗುವುದೂ ಉಂಟು. ಪಿಂಕ್ ಹೂವಿನ 'ಆಟಮ್ ಡಮಾಸ್ಕ್' ಗಿಡದಿಂದ 19ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಬಂದ 'ಕಾತ್ರ್ ಸೇಜೋಂ ಬ್ಲಾಂ ಮೂಸೊ' ಎಂಬ ತಳಿಗೆ ಎರಡು ಹೊಸತು: ಹೂ ಬಿಳಿ, ಮೊಗ್ಗಿನ ಮೇಲೆ ಪಾಚಿ. ಆದರೆ ಆಗಾಗ ಅದರಲ್ಲಿ ಒಂದು ಕೊಂಬೆ ಪಾಚಿಯೂ ಇಲ್ಲದೆ, ಬಿಳುಪೂ ಇಲ್ಲದೆ ಹಳೆ ಪಿಂಕ್ ಡಮಾಸ್ಕ್ ಆಗಿ ನಿಲ್ಲುತ್ತದೆ. ಸುಮ್ನೆ ಬಿಟ್ಟರೆ ಪಿಂಕ್ ಭಾಗವೇ ಗಿಡವನ್ನು ಆವರಿಸಬಹುದು. ಬಿಳಿ ಬೇಕಾದವರು ಆ ಕೊಂಬೆಯನ್ನು ಬುಡದಿಂದಲೇ ಕತ್ತರಿಸಬೇಕು.

ನಿಮ್ಮ ಮನೆಯ ಪಿಂಕ್ ಗಿಡದಲ್ಲಿ ಬಿಳಿ ಕಂಡರೆ ಮೊದಲು ನೋಡಬೇಕಾದ್ದು ಚಿಗುರು ಎಲ್ಲಿಂದ ಬಂದಿದೆ ಎಂದು. ನರ್ಸರಿಯಿಂದ ತಂದ ಗಿಡ ಸಾಮಾನ್ಯವಾಗಿ ಕಸಿ ಮಾಡಿದ್ದು. ಕಸಿಯ ಗಂಟಿಗಿಂತ ಕೆಳಗಿನಿಂದ ಚಿಗುರು ಬಂದಿದ್ದು, ಎಲೆ ಬೇರೆ ಥರ ಇದ್ದು, ಐದೇ ಎಸಳಿನ ಸಣ್ಣ ಬಿಳಿ ಹೂಗಳು ಗೊಂಚಲಾಗಿದ್ದರೆ ಅದು ಸ್ಪೋರ್ಟ್ ಅಲ್ಲ, ಕಸಿಗೆ ಬಳಸಿದ ಬೇರುಗಿಡ. ರೋಸಾ ಮಲ್ಟಿಫ್ಲೋರಾ ಎಂಬ ಕಾಡು ಗುಲಾಬಿಯನ್ನು ಬೇರುಗಿಡವಾಗಿ ಬಳಸುವ ರೂಢಿ ಇದೆ, ಅದರ ಹೂ ಹೀಗೇ ಇರುತ್ತದೆ. ಚಿಗುರು ಗಂಟಿನ ಮೇಲಿಂದ ಬಂದಿದ್ದು, ಎಲೆ, ಮುಳ್ಳು, ಹೂವಿನ ಆಕಾರ ಎಲ್ಲ ಒಂದೇ ಇದ್ದು ಬಣ್ಣ ಮಾತ್ರ ಬೇರೆಯಾಗಿದ್ದರೆ ಆಗ ಖುಷಿಪಡಬಹುದು. ಆ ಕೊಂಬೆಗೆ ಒಂದು ದಾರ ಕಟ್ಟಿ. ಸವರಬೇಡಿ. ಮತ್ತೆ ಅದೇ ಕೊಂಬೆಯಲ್ಲಿ ಬಿಳಿ ಹೂ ಬಂದರೆ, ಹೂವಿನ ಕೆಳಗಿನ ಕಣ್ಣುಗಳನ್ನು ತೆಗೆದು ಕಣ್ಣು ಕಸಿ ಮಾಡಿಸಿ, ಇಲ್ಲವೇ ಕಡ್ಡಿ ಕತ್ತರಿಸಿ ನೆಡಿ. ಎಲ್ಲ ಕಣ್ಣುಗಳೂ ಬಿಳಿ ಕೊಡುತ್ತವೆ ಎನ್ನುವ ಖಾತ್ರಿ ಇಲ್ಲ, ಆದ್ದರಿಂದ ಒಂದಕ್ಕಿಂತ ಹೆಚ್ಚು ಕಣ್ಣು ತೆಗೆದಿಡುವುದು ಒಳ್ಳೆಯದು.

ಮೊದಲಿಂದಲೂ ಬಿಳಿಯಾಗಿದ್ದವು

ಕಾಡು ಗುಲಾಬಿಗಳಲ್ಲಿ ಬಿಳಿ ಅಪರೂಪವೇನಲ್ಲ. ಕಸ್ತೂರಿಯಂಥ ವಾಸನೆಗೆ ಹೆಸರಾದ ಮಸ್ಕ್ ಗುಲಾಬಿ ಬಿಳಿ. ಹಿಮಾಲಯದ ರೋಸಾ ಬ್ರುನೋನಿ ಬಿಳಿ. ಬಿಹಾರ, ಬಂಗಾಳದ ಕಡೆ ನೀರು ನಿಲ್ಲುವ ಜಾಗದಲ್ಲೂ ಬದುಕುವ ರೋಸಾ ಕ್ಲೈನೋಫಿಲಾ ಬಿಳಿ. ಮಣಿಪುರದ ಬೆಟ್ಟಗಳಲ್ಲಿ 1882ರಲ್ಲಿ ಜಾರ್ಜ್ ವಾಟ್ ಕಂಡ ರೋಸಾ ಜೈಗ್ಯಾಂಟಿಯಾ ಕೆನೆ ಬಿಳಿ, ಟೀ ಗುಲಾಬಿಗಳ ಪೂರ್ವಜರಲ್ಲಿ ಅದೂ ಒಂದು. ಕ್ಲೈನೋಫಿಲಾ ಮತ್ತು ಜೈಗ್ಯಾಂಟಿಯಾ ಎರಡನ್ನೂ ಬಳಸಿ ಬಿಸಿ ನಾಡಿಗೆ ಒಗ್ಗುವ ಗುಲಾಬಿಗಳನ್ನು ಮಾಡಲು ಕೊಡೈಕೆನಾಲ್‌ನ ಎಂ. ಎಸ್. ವೀರರಾಘವನ್ ವರ್ಷಗಟ್ಟಲೆ ದುಡಿದಿದ್ದಾರೆ.

ತೋಟದ ಗುಂಪುಗಳಲ್ಲಿ ಬಿಳಿಯೇ ಮನೆತನದ ಗುರುತಾಗಿರುವುದು ಆಲ್ಬಾ. ಬೂದಿ ಬಳಿದಂಥ ಹಸಿರೆಲೆ, ಎತ್ತರದ ಗಟ್ಟಿ ಗಿಡ, ಅರೆನೆರಳಲ್ಲೂ ಹೂ. ಬೇಲಿಗಳಲ್ಲಿ ಬೆಳೆಯುವ ಕಾಡು ನಾಯಿಗುಲಾಬಿ ಮತ್ತು ಗ್ಯಾಲಿಕಾ ಕಡೆಯ ಗುಲಾಬಿ ಬೆರೆತು ಇದು ಹುಟ್ಟಿತೆಂದು ಬಹಳ ಕಾಲದಿಂದ ನಂಬಲಾಗಿದೆ. ಇಂಗ್ಲೆಂಡಿನ ಯಾರ್ಕ್ ಮನೆತನದ ಬಿಳಿ ಗುಲಾಬಿ ಲಾಂಛನವನ್ನು ಇದರೊಂದಿಗೇ ಜೋಡಿಸುತ್ತಾರೆ. ಬಲ್ಗೇರಿಯಾದ ಕಜನ್ಲಾಕ್ ಕಣಿವೆಯಲ್ಲಿ ಅತ್ತರಿಗೆ ಬೆಳೆಯುವ ಪಿಂಕ್ ಡಮಾಸ್ಕ್ ಹೊಲಗಳ ಅಂಚಿಗೆ 'ಆಲ್ಬಾ ಸೆಮಿಪ್ಲೀನಾ'ವನ್ನು ಬೇಲಿಯಂತೆ ನೆಡುತ್ತಿದ್ದರು.

ಇದಕ್ಕೆ ಪೂರ್ತಿ ಎದುರು ಗ್ಯಾಲಿಕಾ. ಕಡು ಪಿಂಕ್, ಕೆಂಪು, ನೇರಳೆ, ಪಟ್ಟೆ ಎಲ್ಲ ಇದೆ, ಅಚ್ಚ ಬಿಳಿ ಮಾತ್ರ ಬಹಳ ಬಹಳ ಅಪರೂಪ. ಯಾಕೆ ಎನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಬೀಜದಿಂದ ಬಿಳಿ: ನಾಲ್ಕರಲ್ಲೊಂದು, ಮೂವತ್ತಾರರಲ್ಲೊಂದು

ಬಣ್ಣದ ಜೀನ್ ಕೆಟ್ಟಿದ್ದರೂ ಅದರ ಜೊತೆ ಒಂದು ಸರಿಯಾದ ಪ್ರತಿ ಇದ್ದರೆ ಹೂವಿಗೆ ಬಣ್ಣ ಬರುತ್ತದೆ. ಬಿಳಿ ಆಗಬೇಕಾದರೆ ಎಲ್ಲ ಪ್ರತಿಗಳೂ ಕೆಟ್ಟಿರಬೇಕು. ಪ್ರತಿಗಳು ಎಷ್ಟು ಎನ್ನುವುದು ಗುಂಪಿನಿಂದ ಗುಂಪಿಗೆ ಬೇರೆ. ಗುಲಾಬಿಯ ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು, ಏಳೇಳರ ಕಟ್ಟಾಗಿ ಇರುತ್ತವೆ. ಒಂದೊಂದು ಕಟ್ಟಿನಲ್ಲಿ ಜೀನಿನ ಒಂದೊಂದು ಪ್ರತಿ. ಚೈನಾ, ಟೀ, ಮಸ್ಕ್ ಗುಲಾಬಿಗಳಲ್ಲಿ ಸಾಮಾನ್ಯವಾಗಿ ಎರಡು ಕಟ್ಟು, ಒಟ್ಟು 14. ಗ್ಯಾಲಿಕಾ, ಡಮಾಸ್ಕ್, ಸೆಂಟಿಫೋಲಿಯಾಗಳಲ್ಲಿ ನಾಲ್ಕು ಕಟ್ಟು, 28. ಆಲ್ಬಾದಲ್ಲಿ ಆರು, 42.

ಎರಡು ಕಟ್ಟಿನ ಒಂದು ಪಿಂಕ್ ಗಿಡ ತೆಗೆದುಕೊಳ್ಳೋಣ. ಅದರಲ್ಲಿ ಒಂದು ಪ್ರತಿ ಸರಿ, ಒಂದು ಕೆಟ್ಟಿದೆ. ಅಂಥದ್ದೇ ಇನ್ನೊಂದರ ಜೊತೆ ಕೂಡಿಸಿದರೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬರುವ ಸಂಭವ ಅರ್ಧದಲ್ಲಿ ಅರ್ಧ. ಅಂದರೆ ನಾಲ್ಕು ಸಸಿಗಳಲ್ಲಿ ಸರಾಸರಿ ಒಂದು ಬಿಳಿ.

ಈಗ ನಾಲ್ಕು ಕಟ್ಟಿನ ಗಿಡ. ಎರಡು ಪ್ರತಿ ಸರಿ, ಎರಡು ಕೆಟ್ಟಿವೆ. ಪರಾಗಕ್ಕೋ ಅಂಡಕ್ಕೋ ನಾಲ್ಕರಲ್ಲಿ ಎರಡು ಪ್ರತಿ ಹೋಗುತ್ತವೆ. ನಾಲ್ಕರಿಂದ ಎರಡನ್ನು ಆರಿಸಲು ಆರು ದಾರಿಗಳಿವೆ, ಎರಡೂ ಕೆಟ್ಟವೇ ಆಗುವುದು ಒಂದರಲ್ಲಿ ಮಾತ್ರ. ಎರಡೂ ಕಡೆ ಹಾಗೇ ಆಗಬೇಕಾದರೆ ಆರರಲ್ಲಿ ಒಂದನ್ನು ಆರರಲ್ಲಿ ಒಂದರಿಂದ ಗುಣಿಸಬೇಕು. ಬಂದದ್ದು 36ರಲ್ಲಿ ಒಂದು. ಮೂರು ಪ್ರತಿ ಸರಿಯಿದ್ದು ಒಂದೇ ಕೆಟ್ಟಿದ್ದರೆ ಎರಡು ಕೆಟ್ಟ ಪ್ರತಿ ಒಟ್ಟಿಗೆ ಹೋಗಲು ಸಾಧ್ಯವೇ ಇಲ್ಲ, ಬಿಳಿ ಮರಿ ಬರುವುದೇ ಇಲ್ಲ ಎನ್ನಬಹುದು. ಗಿಡದಲ್ಲಿ ಬಿಳುಪಿಗೆ ಕಾರಣವಾಗುವ ಪ್ರತಿ ಇದೆ, ಆದರೆ ತಲೆಮಾರುಗಟ್ಟಲೆ ಅದು ಹೊರಗೆ ಕಾಣುವುದಿಲ್ಲ. ನಿಜದಲ್ಲಿ ಬಣ್ಣದ ಮೇಲೆ ಪ್ರಭಾವ ಬೀರುವ ಜೀನ್‌ಗಳು ಒಂದಕ್ಕಿಂತ ಹೆಚ್ಚು, ಲೆಕ್ಕ ಇಷ್ಟು ನೇರ ಇರುವುದಿಲ್ಲ. ಆದರೂ ಗ್ಯಾಲಿಕಾದಂಥ ಗುಂಪಿನಲ್ಲಿ ಬಿಳಿ ಯಾಕೆ ಅಡಗಿ ಕೂರುತ್ತದೆ ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಪ್ಯಾರಿಸ್‌ನ ಲಕ್ಸೆಂಬರ್ಗ್ ತೋಟದ ಮುಖ್ಯಸ್ಥರಾಗಿದ್ದ ಅಲೆಕ್ಸಾಂಡ್ರ್ ಹಾರ್ಡಿ ಹೆಂಡತಿಯ ಹೆಸರಿಟ್ಟ 'ಮದಾಮ್ ಹಾರ್ಡಿ' 1832ರದು, ಡಮಾಸ್ಕ್ ಗುಂಪಿನದು. ಹಳೆ ಬಿಳಿ ಗುಲಾಬಿಗಳಲ್ಲಿ ಇದಕ್ಕೆ ಸಾಟಿಯಿಲ್ಲ ಎನ್ನುವವರ ಜೊತೆ ನಾನೂ ಇದ್ದೇನೆ. ಅರಳುವಾಗ ಒಂಚೂರು ಪಿಂಕ್ ಛಾಯೆ, ಆಮೇಲೆ ಶುಭ್ರ ಬಿಳಿ. ನೂರಾರು ಎಸಳು ಒತ್ತಾಗಿ ಮಡಿಚಿ ಕುಳಿತ ಹೂವಿನ ನಟ್ಟನಡುವೆ ಹಸಿರು ಗುಂಡಿಯಂಥ ಕಣ್ಣು. ಅದರ ತಾಯಿ ತಂದೆ ಯಾವುದೆಂದು ಯಾರೂ ಬರೆದಿಟ್ಟಿಲ್ಲ. ಆ ಕಾಲದ ರೂಢಿಯೇ ಹಾಗಿತ್ತು. ಹತ್ತಾರು ತಳಿಗಳನ್ನು ಒಟ್ಟಿಗೆ ನೆಟ್ಟು, ಜೇನು ಮಾಡಿದ ಕೆಲಸವನ್ನು ನಂಬಿ, ಸಿಕ್ಕ ಕಾಯಿಗಳ ಬೀಜವನ್ನೆಲ್ಲ ಬಿತ್ತುತ್ತಿದ್ದರು. ಸಾವಿರಾರು ಸಸಿಗಳಲ್ಲಿ ಒಂದನ್ನು ಆರಿಸುತ್ತಿದ್ದರು. ಲೆಕ್ಕ ಇಟ್ಟು ತಾಯಿ ತಂದೆಯನ್ನು ಹೇಳಿ ಮಾರುವ ಪದ್ಧತಿಗೆ ಹೆಸರು ತಂದವರು ಇಂಗ್ಲೆಂಡಿನ ಹೆನ್ರಿ ಬೆನೆಟ್, ಅದು 1879ರಲ್ಲಿ.

ತಾಯಿ ತಂದೆ ಗೊತ್ತಿರುವ ಬಿಳಿಗಳು ಇನ್ನೂ ಹೆಚ್ಚು ಕಲಿಸುತ್ತವೆ. ಜರ್ಮನಿಯ ಟ್ರಿಯರ್ ಊರಿನ ಪೀಟರ್ ಲ್ಯಾಂಬರ್ಟ್ 1901ರಲ್ಲಿ ಹೊರತಂದ 'ಫ್ರೌ ಕಾರ್ಲ್ ಡ್ರುಷ್ಕಿ' ಹೈಬ್ರಿಡ್ ಪರ್ಪೆಚುಯಲ್ ಗುಂಪಿನ ದೊಡ್ಡ, ಮಂಜಿನಂಥ ಬಿಳಿ ಹೂ. ಪರಿಮಳ ಮಾತ್ರ ಇಲ್ಲವೇ ಇಲ್ಲ. ಒಂದು ಕಡೆ ಹೆಚ್ಚುಕಡಿಮೆ ಬಿಳಿಯಾದ 'ಮೆರ್ವೆಯ್ ದ ಲಿಯೋನ್', ಇನ್ನೊಂದು ಕಡೆ ಎದ್ದುಕಾಣುವ ಪಿಂಕ್ 'ಮದಾಮ್ ಕ್ಯಾರೊಲಿನ್ ಟೆಸ್ಟೌ'. ಇವುಗಳ ಮರಿ ಇಷ್ಟು ಅಚ್ಚ ಬಿಳಿ ಆಗಬೇಕಾದರೆ ಪಿಂಕ್ ಹೂವಿನ ಗಿಡವೂ ಬಿಳುಪನ್ನು ಹೊತ್ತುಕೊಂಡೇ ಇತ್ತು ಎಂದಾಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಹೆಸರು ಬೇಡವೆಂದು ಬ್ರಿಟನ್ನಿನಲ್ಲಿ ಇದನ್ನು 'ಸ್ನೋ ಕ್ವೀನ್' ಎಂದರು.

ಬೇರೆ ದಾರಿಯೂ ಇದೆ. ಫ್ರಾನ್ಸಿನ ಆಂಜೆ ಊರಿನಲ್ಲಿ 1830ರಲ್ಲಿ ಬಂದ ನ್ವಾಸೆಟ್ ಗುಂಪಿನ 'ಲಾಮಾರ್ಕ್' ತಿಳಿ ಪಿಂಕ್ ಗಿಡ ಮತ್ತು ತಿಳಿ ಹಳದಿ ಟೀ ಗುಲಾಬಿಯ ಮರಿ. ಪಿಂಕ್ ಇಲ್ಲವಾಯಿತು, ಹಳದಿ ನಡುವಿನಲ್ಲಷ್ಟೇ ಉಳಿಯಿತು. ಬಿಳಿ ಹೂ, ಒಳಗೆ ನಿಂಬೆ ಬಣ್ಣ.

ಇವೆಲ್ಲ ಬೀಜದಿಂದ ಬಂದವು. ಮೊದಲ ಕೋಶದಿಂದಲೇ ಬಿಳಿ, ಮೂರು ಪದರಗಳಲ್ಲೂ ಬಿಳಿ. ಬಿಳಿ ತಳಿ ಮಾಡಲು ಹೊರಟವರು ಇಂಥವನ್ನು ಹೆತ್ತವರನ್ನಾಗಿ ಆರಿಸುತ್ತಾರೆ. ಸ್ಪೋರ್ಟ್ ಎಷ್ಟೇ ಚೆಂದ ಇದ್ದರೂ ಅದರ ಒಳಗೆ ಏನಿದೆ ಎಂದು ಹೂ ನೋಡಿ ಹೇಳಲಾಗದು.

ಕೂಡಿಸುವ ಕೆಲಸ ಹೇಗೆ?

ತಾಯಿಯಾಗಿ ಆರಿಸಿದ ಗಿಡದಲ್ಲಿ ನಾಳೆ ಅರಳಲಿರುವ ಮೊಗ್ಗು ಬೇಕು. ಅರಳಿದ ಹೂವಾದರೆ ಜೇನು ಅಷ್ಟರಲ್ಲಿ ಬಂದು ಹೋಗಿರುತ್ತದೆ. ಎಸಳುಗಳನ್ನು ಮೆಲ್ಲಗೆ ಕಿತ್ತು, ಒಳಗಿನ ಕೇಸರಗಳನ್ನು ಚಿಮಟಿಗೆಯಿಂದ ಒಂದೂ ಬಿಡದೆ ತೆಗೆಯಬೇಕು, ಇಲ್ಲವಾದರೆ ತನ್ನದೇ ಪರಾಗದಿಂದ ಕಾಯಿ ಕಟ್ಟೀತು. ಮೇಲೆ ಕಾಗದದ ಚೀಲ. ತಂದೆಯಾಗುವ ಗಿಡದ ಕೇಸರಗಳನ್ನು ಕಾಗದದ ಮೇಲೆ ಒಂದು ದಿನ ನೆರಳಲ್ಲಿ ಒಣಗಿಸಿದರೆ ಹಳದಿ ಪುಡಿ ಉದುರುತ್ತದೆ. ಮರುದಿನ ತಾಯಿ ಹೂವಿನ ನಡುವಿನ ತುದಿಗಳು ಜಿಗುಟಾದಾಗ ಬೆರಳಿಂದಲೋ ಕುಂಚದಿಂದಲೋ ಆ ಪುಡಿ ಹಚ್ಚಿ, ಮತ್ತೆ ಚೀಲ ಹಾಕಿ, ಯಾವುದಕ್ಕೆ ಯಾವುದು ಎಂದು ಬರೆದ ಚೀಟಿ ಕಟ್ಟಬೇಕು.

ಕಾಯಿ ಹಣ್ಣಾಗಲು ಸುಮಾರು ನಾಲ್ಕು ತಿಂಗಳು. ಬೀಜಕ್ಕೆ ತಂಪು ಬೇಕು: ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಎರಡು ಮೂರು ತಿಂಗಳು ಇಟ್ಟು ಬಿತ್ತುತ್ತಾರೆ. ಚೈನಾ ರಕ್ತ ಇರುವ, ಪದೇ ಪದೇ ಹೂ ಬಿಡುವ ಸಸಿಗಳು ಕೆಲವೇ ವಾರಗಳಲ್ಲಿ ಮೊದಲ ಹೂ ತೋರಿಸಿಬಿಡುತ್ತವೆ. ವರ್ಷಕ್ಕೊಮ್ಮೆ ಅರಳುವ ಡಮಾಸ್ಕ್, ಗ್ಯಾಲಿಕಾ, ಆಲ್ಬಾ ಸಸಿಗಳು ಹಾಗಲ್ಲ. ಎರಡು ಮೂರು ವರ್ಷ ಕಾಯಿಸುತ್ತವೆ. 36ರಲ್ಲಿ ಒಂದು ಎನ್ನುವ ಲೆಕ್ಕಕ್ಕೆ ಈ ವರ್ಷಗಳನ್ನೂ ಸೇರಿಸಿ ನೋಡಿದರೆ ಗ್ರಿಮ್‌ವುಡ್‌ನ ಬೆಳ್ಳಿ ಬಟ್ಟಲು ದುಬಾರಿ ಅನಿಸುವುದಿಲ್ಲ ಅಲ್ವಾ?

ಹೆಸರು ಕಳೆದುಕೊಂಡ ಬಿಳಿ ಗಿಡಗಳು

ಹಳೆ ಬಿಳಿ ಗುಲಾಬಿ ಸಿಗುವ ಇನ್ನೊಂದು ಜಾಗ ಸ್ಮಶಾನಗಳು, ಪಾಳು ಮನೆಗಳು, ಹಳೆ ಬಂಗಲೆಗಳ ಹಿತ್ತಿಲು. ಅಮೆರಿಕದ ಟೆಕ್ಸಾಸ್‌ನಲ್ಲಿ ಇವನ್ನು ಹುಡುಕುವುದಕ್ಕೇ ಒಂದು ಕೂಟ ಇದೆ. ಸಿಕ್ಕ ಗಿಡದ ನಿಜವಾದ ಹೆಸರು ಗೊತ್ತಾಗುವವರೆಗೆ ಊರಿನದೋ ಮನೆಯವರದೋ ಹೆಸರನ್ನು ತಾತ್ಕಾಲಿಕವಾಗಿ ಇಡುತ್ತಾರೆ.

ಗುರುತು ಹಿಡಿಯುವಾಗ ಬಣ್ಣವನ್ನು ಕೊನೆಗೆ ನೋಡಬೇಕು. ಬಿಳಿ ಸ್ಪೋರ್ಟ್ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತನ್ನ ಪಿಂಕ್ ತಾಯಿಯಂತೆಯೇ ಇರುತ್ತದೆ. ಆದ್ದರಿಂದ ಎಲೆಯ ಬಣ್ಣ, ಮುಳ್ಳಿನ ಆಕಾರ, ಮೊಗ್ಗನ್ನು ಸುತ್ತಿದ ಹಸಿರು ದಳಗಳ ಅಂಚು, ಕಾಯಿಯ ಆಕಾರ, ಹೂ ಬಿಡುವ ಕಾಲ ಇವನ್ನು ನೋಡಿ ಗುಂಪು ಯಾವುದೆಂದು ನಿಲ್ಲಿಸಿಕೊಂಡು, ಆಮೇಲೆ ಆ ಗುಂಪಿನ ಬಿಳಿಗಳನ್ನೂ ಪಿಂಕ್‌ಗಳನ್ನೂ ಹೋಲಿಸುತ್ತಾರೆ. ವಾಸನೆ ಎಲ್ಲಿಂದ ಬರುತ್ತಿದೆ ಎನ್ನುವುದೂ ಮುಖ್ಯ. ಹೆಚ್ಚಿನ ಗುಲಾಬಿಗಳಲ್ಲಿ ಪರಿಮಳ ಎಸಳಿನದು. ಮಸ್ಕ್ ಗುಲಾಬಿಯ ಕಸ್ತೂರಿ ವಾಸನೆ ಕೇಸರಗಳಿಂದ ಬರುತ್ತದೆ, ಎಸಳೆಲ್ಲ ಉದುರಿದ ಮೇಲೂ ಮೂಗಿಗೆ ಹತ್ತುತ್ತದೆ.

ಈ ಮಸ್ಕ್ ಗುಲಾಬಿಯೇ ಒಂದು ಕಾಲಕ್ಕೆ ಕಾಣೆಯಾಗಿತ್ತು. ಹಳೆ ಪುಸ್ತಕಗಳೆಲ್ಲ ಅದು ಬೇಸಿಗೆಯ ಕೊನೆಯಿಂದ ಹೂ ಬಿಡುತ್ತದೆ ಎನ್ನುತ್ತವೆ. ಆದರೆ 20ನೇ ಶತಮಾನದ ಇಂಗ್ಲೆಂಡಿನಲ್ಲಿ ಆ ಹೆಸರಿನಲ್ಲಿ ಬೆಳೆಯುತ್ತಿದ್ದ ಗಿಡ ಜೂನ್ ಹೊತ್ತಿಗೇ ಹೂ ಬಿಡುತ್ತಿತ್ತು, ಮರ ಹತ್ತುವಷ್ಟು ಬೆಳೆಯುತ್ತಿತ್ತು. ಅದು ಹಿಮಾಲಯದ ರೋಸಾ ಬ್ರುನೋನಿ. ಹಳೆ ಗುಲಾಬಿಗಳ ಹುಡುಕಾಟಕ್ಕೆ ಬದುಕನ್ನೇ ಕೊಟ್ಟ ಗ್ರಹಾಂ ಸ್ಟುವರ್ಟ್ ಥಾಮಸ್‌ಗೆ ಈ ಹೊಂದಾಣಿಕೆಯಿಲ್ಲದ ಹೂಗಾಲವೇ ಸುಳಿವಾಯಿತು. ಲಂಡನ್ನಿನ ಎನ್‌ಫೀಲ್ಡ್‌ನ ಮಿಡೆಲ್ಟನ್ ಹೌಸ್‌ನಲ್ಲಿ ತೋಟಗಾರ ಇ. ಎ. ಬೋಲ್ಸ್ ಬೆಳೆಸಿದ್ದ ತೋಟವಿದೆ. ಬೋಲ್ಸ್ ತೀರಿಕೊಂಡು ವರ್ಷಗಳಾದ ಮೇಲೆ, 1963ರಲ್ಲಿ, ಉಳಿದ ಗುಲಾಬಿಗಳ ಕಾಲ ಮುಗಿದಿದ್ದಾಗ ಅಲ್ಲಿ ಹೋದ ಥಾಮಸ್‌ಗೆ ನಿಜವಾದ ಮಸ್ಕ್ ಗುಲಾಬಿ ಸಿಕ್ಕಿತು.

ಹೆಸರು ತಪ್ಪಾಗಿ ಅಂಟಿಕೊಳ್ಳುವುದು ಬಿಳಿಗಳಲ್ಲಿ ಬಹಳ. 1850ರ ಟೀ ಗುಲಾಬಿ 'ಸೋಂಬ್ರಯ್' ಎಂದು ಅಮೆರಿಕದಲ್ಲಿ ದಶಕಗಳ ಕಾಲ ಮಾರಾಟವಾದ ಬಳ್ಳಿ ಗುಲಾಬಿ ಅದಲ್ಲ, 20ನೇ ಶತಮಾನದ 'ಕಲೋನಿಯಲ್ ವೈಟ್' ಎಂದು ಆಮೇಲೆ ಒಪ್ಪಿಕೊಳ್ಳಲಾಯಿತು. ಹೂ ಎಷ್ಟು ಚೆಂದ ಎಂದರೆ ಹೆಸರು ಬದಲಾದ ಮೇಲೂ ಅದನ್ನು ಬೆಳೆಸುವವರು ಕಡಿಮೆಯಾಗಲಿಲ್ಲ.

ಹಾಗಾಗಿ ಹಳೆ ಬಂಗಲೆಯಲ್ಲೋ ಚರ್ಚಿನ ಅಂಗಳದಲ್ಲೋ ಹೆಸರಿಲ್ಲದ ಬಿಳಿ ಗುಲಾಬಿ ಕಂಡರೆ ಕೇಳಿ ಒಂದು ಕಡ್ಡಿ ತನ್ನಿ, ಗಿಡ ಅಲ್ಲೇ ಇರಲಿ. ಹೂವಿನ ಜೊತೆ ಎಲೆ, ಮುಳ್ಳು, ಮೊಗ್ಗು, ಕಾಯಿಯ ಫೋಟೊ ತೆಗೆಯಿರಿ. ಯಾವ ಊರು, ಯಾವ ತಿಂಗಳು, ಯಾರ ಕಾಲದಲ್ಲಿ ನೆಟ್ಟಿದ್ದು ಎಂದು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಅದರ ಗುಂಪು ಹುಡುಕಲು ಕುಳಿತರೆ ಮೊದಲು ಕೇಳುವುದು ಇದನ್ನೇ.